ಕೊಳವೆ ಬಾವಿಯ ಮೋಟಾರು ಡ್ರೈವಿಗೆ ತಕ್ಕ ಕೇಬಲ್ಲುಗಳೂ ಕಾಂಡ್ಯುಯಿಟ್ ಪೈಪುಗಳೂ

ಬಯಲು ಸೀಮೆಯಲ್ಲಿ ಕೆರೆಯ ನೀರನ್ನೂ ತೆರೆದ ಬಾವಿಯ ನೀರನ್ನೂ ನಂಬಿ ತೋಟವಿಡುವ ಕಾಲವು ಬಹುಮಟ್ಟಿಗೆ ಹಿಂದಾಗಿ, ಕೊಳವೆ ಬಾವಿಯೇ ಬೆಳೆಗೂ ಊರಿನ ಕುಡಿಯುವ ನೀರಿಗೂ ಆಧಾರವಾಗಿರುವುದು ವಾಚಕರಿಗೆ ವಿದಿತವೇ ಇದೆ. ಕೋಲಾರ, ಚಿಕ್ಕಬಳ್ಳಾಪುರ ಮುಂತಾದ ಕಡೆಗಳಲ್ಲಿ ಸಾವಿರ ಅಡಿಗೂ ಮೀರಿ ಕೊರೆಯಿಸಿದ ಬಾವಿಗಳು ಈಗ ಅಪರೂಪವಲ್ಲ. ಇಂತಹ ಬಾವಿಯಲ್ಲಿ ಇಳಿಬಿಟ್ಟ ಮೋಟಾರು ಚೈತ್ರ ವೈಶಾಖ ಮಾಸಗಳಲ್ಲಿ ಸುಟ್ಟುಹೋಯಿತೆಂದರೆ, ಪೈಪುಗಳನ್ನೆಲ್ಲ ಒಂದೊಂದಾಗಿ ಮೇಲಕ್ಕೆತ್ತಿಸಬೇಕು, ಸುರುಳಿ ಕಟ್ಟಿಸಬೇಕು, ಪುನಃ ಇಳಿಸಬೇಕು. ಅಷ್ಟರಲ್ಲಿ ಎಳೆಯ ಅಡಿಕೆ ಸಸಿಗಳು ಬಾಡಿರುತ್ತವೆ. ಊರಿನ ಬಾವಿಯಾದರೆ ಹೆಂಗಸರು ಮಕ್ಕಳು ಕೊಡ ಹೊತ್ತು ಪಕ್ಕದ ಗ್ರಾಮಕ್ಕೆ ಹೋಗಬೇಕಾಗುವುದು.

ಈಚೆಗೆ ಇಂತಹ ಮೋಟಾರುಗಳಿಗೆ ಹಳೆಯ ಸ್ಟಾರ್ಟರಿನ ಬದಲು ವೇಗವನ್ನು ಹೆಚ್ಚು ಕಡಮೆ ಮಾಡಬಲ್ಲ ಡ್ರೈವ್ ಎಂಬ ಪೆಟ್ಟಿಗೆಯನ್ನು ಜೋಡಿಸುವ ರೂಢಿ ಹಬ್ಬುತ್ತಲಿದೆ. ಮೆಕ್ಯಾನಿಕ್ಕುಗಳು ಇದನ್ನು ವಿ.ಎಫ್.ಡಿ. ಎನ್ನುವರು. ಕೇಂದ್ರ ಸರ್ಕಾರವು ೨೦೧೯ರಲ್ಲಿ ಆರಂಭಿಸಿದ ಕುಸುಮ್ ಯೋಜನೆಯಂತೆ ಸೌರ ಪಂಪುಗಳನ್ನು ಹಾಕಿಸಿಕೊಂಡವರಲ್ಲಿ ಅನೇಕರಿಗೆ, ತಮ್ಮ ಮೋಟಾರು ಮನೆಯ ಗೋಡೆಯ ಮೇಲಿರುವ ಕಂಟ್ರೋಲರ್ ಪೆಟ್ಟಿಗೆಯೊಳಗೆ ಕೆಲಸ ಮಾಡುತ್ತಿರುವುದೂ ಇದೇ ಬಗೆಯ ಯಂತ್ರವೆಂಬ ಸಂಗತಿ ತಿಳಿದಿರಲಾರದು. ಡ್ರೈವನ್ನು ಕೊಳ್ಳುವಾಗ ಹತ್ತು ಕಡೆ ವಿಚಾರಿಸುವ ಜಮೀನುದಾರರು ಅದರಿಂದ ಮೋಟಾರಿನವರೆಗೆ ಹೋಗುವ ಕೇಬಲ್ಲಿನ ವಿಚಾರದಲ್ಲಿ ಮಾತ್ರ "ಹಳೆಯದೇ ಇದೆಯಲ್ಲ, ಸಾಕು" ಎಂದು ಸುಮ್ಮನಾಗುವುದುಂಟು. ಡ್ರೈವು ಕೂಡಿಸಿದ ಕೆಲವೇ ತಿಂಗಳಲ್ಲಿ ಮೋಟಾರು ಕೆಟ್ಟರೆ ಅದರ ಕಾರಣವು ಬಹಳ ವೇಳೆ ಈ ಒಂದು ಮಾತಿನಲ್ಲಿಯೇ ಅಡಗಿರುವುದರಿಂದ, ಆ ವಿಷಯವನ್ನು ಇಲ್ಲಿ ಕೊಂಚ ವಿಸ್ತಾರವಾಗಿ ಬರೆಯಲಾಗಿದೆ.

ಮೊದಲು ಡ್ರೈವು ಮಾಡುವ ಕೆಲಸವೇನೆಂಬುದನ್ನು ನೋಡೋಣ. ಕಂಬದಿಂದ ಬರುವ ವಿದ್ಯುತ್ತು ಸೆಕೆಂಡಿಗೆ ೫೦ ಸಲ ಅಲೆಯಂತೆ ಏರಿಳಿಯುವ ಪ್ರವಾಹವಷ್ಟೆ. ಡ್ರೈವು ಅದನ್ನು ಮೊದಲು ಏರಿಳಿತವಿಲ್ಲದ ಒಮ್ಮುಖ ಪ್ರವಾಹವಾಗಿ ಮಾಡಿ ತನ್ನ ಕಂಡೆನ್ಸರುಗಳಲ್ಲಿ ತುಂಬಿಕೊಳ್ಳುವುದು. ೪೧೫ ವೋಲ್ಟಿನ ಸಂಪರ್ಕವಿದ್ದಲ್ಲಿ ಈ ಒಳಗಿನ ಒತ್ತಡವು ಸುಮಾರು ೫೯೦ ವೋಲ್ಟಿಗೆ ಬರುತ್ತದೆ. ಅನಂತರ ಅತಿ ವೇಗದ ವಿದ್ಯುತ್ ಬಾಗಿಲುಗಳ ಮೂಲಕ ಅದನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ, ಚೂರು ಚೂರಾಗಿ ಮೋಟಾರಿಗೆ ಕಳುಹಿಸುವುದು. ಚೂರುಗಳ ಅಗಲವನ್ನು ಹೆಚ್ಚು ಕಡಮೆ ಮಾಡುವುದರಿಂದ ಮೋಟಾರಿಗೆ ೩೦ ಆವರ್ತದ ಅಲೆಯನ್ನಾಗಲಿ ೫೦ ಆವರ್ತದ ಅಲೆಯನ್ನಾಗಲಿ ಕೊಟ್ಟಂತಾಗಿ ವೇಗವು ಬದಲಾಗುವುದು. ಆದಕಾರಣ ಡ್ರೈವಿನಿಂದ ಈಚೆಗಿನ ಕೇಬಲ್ಲಿನಲ್ಲಿ ಹರಿಯುವುದು ಕಂಬದ ತಂತಿಯಲ್ಲಿರುವಂತಹ ನುಣುಪಾದ ಅಲೆಯಲ್ಲ. ಸೊನ್ನೆಯಿಂದ ೫೯೦ ವೋಲ್ಟಿಗೆ ಒಂದು ಮೈಕ್ರೋಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಅಲ್ಪಕಾಲದಲ್ಲಿ ನೆಗೆಯುವ ಪೆಟ್ಟುಗಳ ಸಾಲು. ಹಳೆಯ ಕೇಬಲ್ಲು ಹಳೆಯ ಸ್ಟಾರ್ಟರಿಗೆ ಚೆನ್ನಾಗಿದ್ದಿತೆಂಬ ಕಾರಣದಿಂದ ಇದಕ್ಕೂ ಆಗುವುದೆಂದು ಹೇಳಲಾಗದು.

ಈ ಪೆಟ್ಟು ಉದ್ದವಾದ ಕೇಬಲ್ಲಿನಲ್ಲಿ ಮಾಡುವ ಹಾನಿಯು ನೀರಿನ ನಡತೆಯನ್ನು ಬಲ್ಲ ನಮ್ಮವರಿಗೆ ಸುಲಭವಾಗಿ ತಿಳಿಯುವಂತಹುದು. ಕಾಲುವೆಯ ತೂಬನ್ನು ಒಮ್ಮೆಲೇ ಎತ್ತಿದರೆ ನೀರಿನ ಮೊದಲಿನ ಅಲೆಯು ಕೆಳಕ್ಕೆ ಧಾವಿಸಿ, ತುದಿಯಲ್ಲಿ ಮುಚ್ಚಿದ ಹಲಗೆ ಅಡ್ಡವಾದರೆ ಅದಕ್ಕೆ ಬಡಿದು ಹಿಂದಿರುಗುವುದು. ಬರುವ ಅಲೆಯೂ ತಿರುಗುವ ಅಲೆಯೂ ಒಂದರ ಮೇಲೊಂದು ಕೂಡಿ ಆ ಹಲಗೆಯ ಬಳಿ ಇಮ್ಮಡಿ ಎತ್ತರಕ್ಕೆ ಏಳುವುದನ್ನು ಕಾಣಬಹುದು. ವಿದ್ಯುತ್ತಿಗೆ ಮೋಟಾರಿನ ಸುರುಳಿಯು ಇಂತಹುದೇ ಒಂದು ಹಲಗೆ. ಪೆಟ್ಟು ಕೇಬಲ್ಲಿನಲ್ಲಿ ಮೈಕ್ರೋಸೆಕೆಂಡಿಗೆ ಸುಮಾರು ೧೫೦ ಮೀಟರ್ ಸಾಗಿ, ಮೋಟಾರಿಗೆ ಬಡಿದು ಹಿಂದಿರುಗುವಾಗ ಅಲ್ಲಿನ ಒತ್ತಡವು ೫೯೦ರ ಇಮ್ಮಡಿ, ಎಂದರೆ ೧೧೭೦ ಅಥವಾ ೧೧೮೦ ವೋಲ್ಟಿನವರೆಗೂ ಏರಬಲ್ಲದು. ಕೇಬಲ್ಲು ನಾಲ್ಕಾರು ಮೀಟರ್ ಇದ್ದಲ್ಲಿ, ಪೆಟ್ಟು ಪೂರ್ತಿ ಏಳುವ ಮುನ್ನವೇ ತಿರುಗಿದ ಅಲೆಯು ಬಂದು ಸೇರುವುದರಿಂದ ಇಷ್ಟು ಅಪಾಯವಿಲ್ಲ. ಹಿಟ್ಟಿನ ಗಿರಣಿಯಲ್ಲಿ ಡ್ರೈವೂ ಮೋಟಾರೂ ಒಂದೇ ಕೊಠಡಿಯಲ್ಲಿರುತ್ತವೆ. ಎಂಟು ನೂರು ಅಡಿ ಆಳದ ಬಾವಿಯಲ್ಲಾದರೋ ಇಮ್ಮಡಿಯಾಗುವುದನ್ನು ಶಂಕಿಸಲು ಸ್ಥಳವೇ ಇಲ್ಲ.

ಈ ಒತ್ತಡವು ಮೋಟಾರಿನ ಸುರುಳಿಯುದ್ದಕ್ಕೂ ಸಮನಾಗಿ ಹಂಚಿಹೋಗದೆ, ಮೊದಲಿನ ಕೆಲವು ಸುತ್ತುಗಳ ಮೇಲೆಯೇ ಬೀಳುವುದು. ಹೊದಿಕೆಯು ಅಲ್ಲಿ ದಿನದಿನಕ್ಕೆ ಸವೆದು ಒಂದು ದಿನ ತೂತಾಗುವುದು. ಕೇಬಲ್ಲಿನಲ್ಲಿ ಕಳಪೆಯಾಗಿ ಸುತ್ತಿದ ಜಾಯಿಂಟು ಇದ್ದರೆ ಅಲ್ಲಿಯೂ ಹೀಗೆಯೇ. ಸುಟ್ಟ ಸುರುಳಿಯನ್ನು ನೋಡಿದ ರಿಪೇರಿಯವರು ವೋಲ್ಟೇಜು ಕಡಮೆಯಾಗಿ ಸುಟ್ಟಿತೆಂದು ಹೇಳುವರು, ಯಜಮಾನರೂ ನಂಬುವರು, ಹೊಸ ಸುರುಳಿಯೂ ಅದೇ ಗತಿಯನ್ನು ಹೊಂದುವುದು.

ಇದಕ್ಕೆ ಪರಿಹಾರವುಂಟು. ಡ್ರೈವಿಗೂ ಬಾವಿಗೂ ನಡುವೆ, ಡ್ರೈವಿನ ಪಕ್ಕದಲ್ಲಿಯೇ, ಫಿಲ್ಟರನ್ನು ಕೂಡಿಸತಕ್ಕದ್ದು. ಇದರಲ್ಲಿ ಮೂರು ತರಗತಿಗಳಿವೆ. ಬರಿಯ ಚೋಕು ಪೆಟ್ಟನ್ನು ಸ್ವಲ್ಪ ಮೊಂಡಾಗಿಸುವುದು. ಡಿವಿ-ಡಿಟಿ ಫಿಲ್ಟರೆಂಬುದು ಇನ್ನಷ್ಟು ಮೊಂಡಾಗಿಸುವುದು. ಸೈನ್ ಫಿಲ್ಟರೆಂಬುದು ಚೂರುಗಳನ್ನೆಲ್ಲ ಕೂಡಿಸಿ ಹೆಚ್ಚು ಕಡಮೆ ಕಂಬದ ವಿದ್ಯುತ್ತಿನಂತಹ ನುಣುಪಾದ ಅಲೆಯನ್ನೇ ಮಾಡಿಕೊಡುವುದು. ಯಾವ ಉದ್ದಕ್ಕೆ ಯಾವುದು ತಕ್ಕದ್ದೆಂದು ಡ್ರೈವು ತಯಾರಿಸಿದವರು ತಮ್ಮ ಕೈಪಿಡಿಯಲ್ಲಿ ಮೀಟರುಗಳಲ್ಲಿ ನಮೂದಿಸಿರುವರು. ಆ ಪುಟವನ್ನು ತೋರಿಸದ ವ್ಯಾಪಾರಿಯಲ್ಲಿ ಡ್ರೈವು ಕೊಳ್ಳುವುದು ಉಚಿತವಲ್ಲ. ನಮ್ಮ ಅಭಿಪ್ರಾಯದಲ್ಲಿ, ಐದಾರು ನೂರು ಅಡಿ ಮೀರಿದ ಬಾವಿಗಳಿಗೆ ಸೈನ್ ಫಿಲ್ಟರೇ ಲೇಸು. ಇದರ ಬೆಲೆ ಕೇಳಿ ಹಿಂಜರಿಯುವವರು ಒಂದು ಸಲ ಮೋಟಾರನ್ನು ಎತ್ತಿ ಇಳಿಸುವ ಕೂಲಿಯನ್ನೂ ಸುರುಳಿಯ ವೆಚ್ಚವನ್ನೂ ಕೂಡಿಸಿ ನೋಡಬಹುದು. ಸೈನ್ ಫಿಲ್ಟರು ಕೂಡಿಸಿದಾಗ, ಅದಕ್ಕೆ ಗೊತ್ತುಮಾಡಿದ ಕತ್ತರಿಸುವ ವೇಗವನ್ನು ಡ್ರೈವಿನಲ್ಲಿ ಹೊಂದಿಸಿಡುವುದನ್ನು ಮರೆಯಕೂಡದು. ಇಲ್ಲವಾದರೆ ಫಿಲ್ಟರೇ ಕಾದು ಕೆಡುವುದು. ಈ ಫಿಲ್ಟರು ತಾನೂ ಒಂದಷ್ಟು ವೋಲ್ಟುಗಳನ್ನು ನುಂಗುವುದೆಂಬುದು ಮುಂದಿನ ಲೆಕ್ಕಕ್ಕೆ ನೆನಪಿರಲಿ.

ಇನ್ನು ತಂತಿಯ ದಪ್ಪ. ೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು ೯೦ ಮೈಲಿ ದೂರ ವಿದ್ಯುತ್ತನ್ನು ಒಯ್ದಾಗ, ತಂತಿಯಲ್ಲಿ ನಷ್ಟ ಕಡಮೆಯಾಗಲೆಂದು ಒತ್ತಡವನ್ನೇ ಬಹಳ ಎತ್ತರಕ್ಕೆ ಏರಿಸಿದರು. ಕೊಳವೆ ಬಾವಿಯ ಯಜಮಾನನಿಗೆ ಆ ಉಪಾಯವಿಲ್ಲ. ೪೧೫ ವೋಲ್ಟಿನಲ್ಲಿಯೇ ಆಳಕ್ಕೆ ಕಳುಹಿಸಬೇಕಾದುದರಿಂದ, ತಂತಿಯನ್ನು ದಪ್ಪಮಾಡುವುದೊಂದೇ ಅವನಿಗೆ ಉಳಿದಿರುವ ದಾರಿ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಏಳೂವರೆ ಅಶ್ವಶಕ್ತಿಯ ಮೋಟಾರು ೭೫೦ ಅಡಿ ಆಳದಲ್ಲಿದೆ. ಬಾವಿಯಿಂದ ಮೋಟಾರು ಮನೆಗೆ ೭೦ ಅಡಿ. ಒಟ್ಟು ೮೨೦ ಅಡಿ, ಎಂದರೆ ೨೫೦ ಮೀಟರ್. ಈ ಮೋಟಾರು ಪೂರ್ಣ ಭಾರದಲ್ಲಿ ಸುಮಾರು ೧೩ ಆಂಪಿಯರ್ ಎಳೆಯುವುದು. ೪ ಚದರ ಮಿಲಿಮೀಟರಿನ ತಾಮ್ರದ ಫ್ಲಾಟ್ ಕೇಬಲ್ಲನ್ನು ಹಾಕಿದರೆ ದಾರಿಯಲ್ಲಿ ಸುಮಾರು ೨೩ ವೋಲ್ಟು ಕಳೆದುಹೋಗುವುದು; ಕೇಬಲ್ಲೊಂದೇ ಸುಮಾರು ೬೫೦ ವಾಟ್ ವಿದ್ಯುತ್ತನ್ನು ಕಾವಾಗಿ ವ್ಯರ್ಥಮಾಡುವುದು. ೬ ಚದರ ಮಿಲಿಮೀಟರಿನದಾದರೆ ಕಳೆಯುವುದು ೧೫ ಅಥವಾ ೧೬ ವೋಲ್ಟು, ವ್ಯರ್ಥವು ಸುಮಾರು ೪೩೦ ವಾಟ್. ೧೦ ಚದರ ಮಿಲಿಮೀಟರಿನದಾದರೆ ೯ ವೋಲ್ಟು ಮತ್ತು ಸುಮಾರು ೨೫೦ ವಾಟ್. ನೂರಕ್ಕೆ ಮೂರರೊಳಗೆ ನಷ್ಟವನ್ನು ನಿಲ್ಲಿಸುವುದು ಒಳ್ಳೆಯ ಪದ್ಧತಿಯೆಂದಿಟ್ಟುಕೊಂಡರೆ, ಮೂರರಲ್ಲಿ ಕೊನೆಯದೊಂದೇ ಆ ಎಣಿಕೆಗೆ ಬರುವುದು. ಆಂಪಿಯರನ್ನು ತಾಳುವುದೊಂದನ್ನೇ ನೋಡಿದರೆ ೪ ಚದರ ಮಿಲಿಮೀಟರು ಸಾಕೆಂದು ತೋರುವುದು. ಅಂಗಡಿಯಲ್ಲಿ ಕೊಡುವುದೂ ಅದನ್ನೇ.

ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ೨೦೦೮ರಿಂದ ರಾಜ್ಯ ಸರ್ಕಾರವು ವಿದ್ಯುತ್ತನ್ನು ಉಚಿತವಾಗಿ ಒದಗಿಸುತ್ತಿರುವಾಗ ಕೇಬಲ್ಲಿನಲ್ಲಿ ಕೆಲವು ನೂರು ವಾಟ್ ಹೋದರೆ ತಮಗೇನು ನಷ್ಟವೆಂದು ಯಜಮಾನರು ಕೇಳಬಹುದು. ನಷ್ಟವು ಬಿಲ್ಲಿನಲ್ಲಿಲ್ಲ, ಮೋಟಾರಿನಲ್ಲಿದೆ. ಡ್ರೈವು ತನ್ನೊಳಗೆ ಬಂದ ವೋಲ್ಟಿಗಿಂತ ಹೆಚ್ಚನ್ನು ಹೊರಗೆ ಕೊಡಲಾರದು. ಬೇಸಗೆಯಲ್ಲಿ ಊರಿನ ಪಂಪುಗಳೆಲ್ಲ ಒಮ್ಮೆಗೆ ಓಡುವಾಗ ಟಿ.ಸಿ.ಯಿಂದ ೩೬೦ ವೋಲ್ಟು ಬರುತ್ತಿದ್ದರೆ, ಅದರಲ್ಲಿ ಫಿಲ್ಟರಿನ ಪಾಲು ಹೋಗಿ, ಕೇಬಲ್ಲಿನ ಪಾಲೂ ಹೋಗಿ, ಮೋಟಾರಿಗೆ ಉಳಿಯುವುದೆಷ್ಟು? ಒತ್ತಡ ಕಡಮೆಯಾದಷ್ಟೂ ಅದು ಹೆಚ್ಚು ಆಂಪಿಯರ್ ಎಳೆದು ಕಾಯುವುದು. ಸೌರ ಪಂಪಿನಲ್ಲಿಯಾದರೋ ಬಿಸಿಲಿನಿಂದ ಬಂದ ಪ್ರತಿಯೊಂದು ವಾಟೂ ನೀರಾಗಿ ಮೇಲೆ ಬರಬೇಕಾದುದು. ೬೫೦ ವಾಟ್ ಕೇಬಲ್ಲಿನಲ್ಲಿ ಹೋದರೆ ಎರಡು ಫಲಕಗಳನ್ನು ಅದಕ್ಕೇ ಇಟ್ಟಂತಾಯಿತು. ಆದರೆ ದಪ್ಪ ಕೇಬಲ್ಲನ್ನು ಕೊಳ್ಳುವ ಮುನ್ನ, ಅದು ಕೇಸಿಂಗಿಗೂ ಪಂಪಿಗೂ ನಡುವಣ ಸಂದಿನಲ್ಲಿ ಉಜ್ಜದೆ ಇಳಿಯುವುದೇ ಎಂಬುದನ್ನು ಅಳೆದು ನೋಡತಕ್ಕದ್ದು. ಸಂದು ಕಿರಿದಾಗಿದ್ದಲ್ಲಿ ೬ ಚದರ ಮಿಲಿಮೀಟರಿಗೆ ತೃಪ್ತರಾಗುವುದೇ ವಿವೇಕ. ಸಿಪ್ಪೆ ಸುಲಿದ ದಪ್ಪ ಕೇಬಲ್ಲಿಗಿಂತ ಸಿಪ್ಪೆ ಗಟ್ಟಿಯಿರುವ ಸಣ್ಣ ಕೇಬಲ್ಲು ಮೇಲು.

ಬಾವಿಯೊಳಗಿನ ಫ್ಲಾಟ್ ಕೇಬಲ್ಲು ಹೀಗಿರಲು, ಮೋಟಾರು ಮನೆಯಿಂದ ಬಾವಿಯ ಬಾಯಿಯವರೆಗಿನ ನೆಲದ ಕೇಬಲ್ಲಿನ ಆಯ್ಕೆ ಬೇರೆ. ಇಲ್ಲಿ ಎಕ್ಸ್.ಎಲ್.ಪಿ.ಇ. ಹೊದಿಕೆಯ, ಉಕ್ಕಿನ ತಂತಿಯ ಕವಚವುಳ್ಳ ಕೇಬಲ್ಲನ್ನು ಶಿಫಾರಸು ಮಾಡಬಹುದು. ಭಾರತೀಯ ಮಾನಕ ೭೦೯೮ ಎಂಬ ಸಂಖ್ಯೆ ಅದರ ಮೈಮೇಲೆ ಅಚ್ಚಾಗಿರುವುದು. ಸಾಧಾರಣ ಪಿ.ವಿ.ಸಿ. ಹೊದಿಕೆಯು ೭೦ ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾವನ್ನು ತಾಳಿದರೆ ಇದು ೯೦ ಡಿಗ್ರಿಯವರೆಗೆ ತಾಳುವುದು. ಅದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಡ್ರೈವಿನ ಪ್ರತಿ ಪೆಟ್ಟಿಗೂ ಕೇಬಲ್ಲು ಒಂದು ಉದ್ದನೆಯ ಕಂಡೆನ್ಸರಿನಂತೆ ತುಂಬಿ ಬರಿದಾಗುತ್ತಿರುವುದು. ಪಿ.ವಿ.ಸಿ. ಹೊದಿಕೆಯಲ್ಲಿ ಈ ತುಂಬುವಿಕೆ ಹೆಚ್ಚು. ಎರಡು ಮೂರು ಅಶ್ವಶಕ್ತಿಯ ಸಣ್ಣ ಡ್ರೈವುಗಳು ಉದ್ದನೆಯ ಕೇಬಲ್ಲಿನಲ್ಲಿ ಕಾರಣ ತಿಳಿಯದೆ ಮತ್ತೆ ಮತ್ತೆ ನಿಂತುಹೋಗುವುದಕ್ಕೆ ಇದೂ ಒಂದು ಕಾರಣ. ಉಕ್ಕಿನ ಕವಚವು ಇಲಿ ಹೆಗ್ಗಣಗಳಿಂದಲೂ ಗುದ್ದಲಿಯ ಏಟಿನಿಂದಲೂ ಕಾಪಾಡುವುದಲ್ಲದೆ, ಎರಡು ತುದಿಗಳಲ್ಲಿಯೂ ಲೋಹದ ಗ್ಲ್ಯಾಂಡಿನಿಂದ ಸುತ್ತಲೂ ಬಿಗಿದು ಅರ್ತಿಗೆ ಸೇರಿಸಿದರೆ, ಪೆಟ್ಟುಗಳಿಂದ ಹೊರಡುವ ವಿದ್ಯುತ್ ಗದ್ದಲವನ್ನು ತನ್ನೊಳಗೇ ಅಡಗಿಸಿಡುವುದು. ಕವಚದ ತಂತಿಗಳನ್ನು ಜಡೆಯಂತೆ ಹೆಣೆದು ಒಂದು ಬೋಲ್ಟಿಗೆ ಸಿಕ್ಕಿಸುವ ಅಭ್ಯಾಸವು ಹಳೆಯ ಸ್ಟಾರ್ಟರಿಗೆ ನಡೆಯುತ್ತಿದ್ದಿರಬಹುದು, ಡ್ರೈವಿಗೆ ಸಾಲದು. ಕೇಬಲ್ಲನ್ನು ಎರಡೂವರೆ ಅಡಿ ಆಳದ ಕಾಲುವೆಯಲ್ಲಿ ಮರಳಿನ ಹಾಸಿನ ಮೇಲಿಟ್ಟು, ಮೇಲೆ ಮರಳು ಮುಚ್ಚಿ, ಇಟ್ಟಿಗೆಯ ಸಾಲಿಟ್ಟು ಮಣ್ಣೆಳೆಯಬೇಕು. ಟ್ರ್ಯಾಕ್ಟರಿನ ನೇಗಿಲು ಹಾಯುವ ಕಡೆ ಇನ್ನೂ ಆಳವಿರಲಿ.

ಕವಚದ ಕೇಬಲ್ಲು ಸಿಗದೆ ಬಿಡಿ ತಂತಿಗಳನ್ನೇ ಎಳೆಯಬೇಕಾದಲ್ಲಿ ಕಾಂಡ್ಯುಯಿಟ್ ಪೈಪಿನ ಪ್ರಶ್ನೆ ಬರುವುದು. ಪಿ.ವಿ.ಸಿ. ಪೈಪು ಅಗ್ಗ, ತುಕ್ಕು ಹಿಡಿಯದು. ಆದರೆ ಗದ್ದಲವನ್ನು ತಡೆಯುವ ಗುಣ ಅದಕ್ಕಿಲ್ಲ, ಬಿಸಿಲಿನಲ್ಲಿ ಕೆಲವು ವರ್ಷಗಳಿಗೆ ಬಿರುಕು ಬಿಡುವುದು. ಉಕ್ಕಿನ ಪೈಪನ್ನು ಕೊನೆಯಿಂದ ಕೊನೆಗೆ ಮರೆ ತಿರುಗಿಸಿ ಬಿಗಿದು ಅರ್ತಿಗೆ ಕೂಡಿಸಿದರೆ ಅದೇ ಒಂದು ಕವಚವಾಗುವುದು. ನಡುವೆ ಒಂದು ಕಡೆ ಬಿಡಿಸಿಕೊಂಡಿದ್ದರೂ ಪ್ರಯೋಜನವು ಕೆಡುವುದು. ಮೂರು ಫೇಸಿನ ತಂತಿಗಳೂ ಅರ್ತಿನ ತಂತಿಯೂ ಒಂದೇ ಉಕ್ಕಿನ ಪೈಪಿನೊಳಗಿರತಕ್ಕದ್ದು. ತಂತಿಗೊಂದು ಪೈಪೆಂದು ಬೇರ್ಪಡಿಸಿದರೆ ಪೈಪುಗಳೇ ಕಾಯುವುವು. ಎರಡು ಡ್ರೈವುಗಳ ತಂತಿಗಳನ್ನಾದರೋ ಒಂದೇ ಪೈಪಿನಲ್ಲಿ ಸೇರಿಸಕೂಡದು. ಓಡುತ್ತಿರುವ ಮೋಟಾರಿನ ತಂತಿಯಿಂದ ನಿಂತಿರುವುದರ ತಂತಿಗೆ ಒತ್ತಡವು ಹಾಯ್ದು, ಅದನ್ನು ಬಿಚ್ಚುತ್ತಿರುವವನಿಗೆ ಅಪಾಯವಾಗಬಹುದು. ಪೈಪಿನ ಒಳ ಅವಕಾಶದ ನೂರಕ್ಕೆ ನಲವತ್ತು ಪಾಲಿಗಿಂತ ಹೆಚ್ಚು ತುಂಬದಿರುವುದು ರೂಢಿ. ಮಲೆನಾಡಿನವರು ಇನ್ನೊಂದನ್ನು ಗಮನಿಸಬೇಕು: ಕಾಂಡ್ಯುಯಿಟ್ಟಿನೊಳಗೆ ಮಳೆಯ ನೀರು ನಿಂತಲ್ಲಿ ತೆಳುವಾದ ಪಿ.ವಿ.ಸಿ. ತಂತಿಯ ಹೊದಿಕೆಯು ಡ್ರೈವಿನ ಪೆಟ್ಟಿಗೆ ಬೇಗ ಹಾಳಾಗುವುದು. ಪೈಪಿಗೆ ಸ್ವಲ್ಪ ಇಳುಕಲು ಕೊಟ್ಟು, ತುದಿಗಳನ್ನು ಮುಚ್ಚಿ, ಒಳಗಿನ ತಂತಿ ಎಕ್ಸ್.ಎಲ್.ಪಿ.ಇ. ಆಗಿರುವಂತೆ ನೋಡಿಕೊಳ್ಳುವುದು. ತುದಿ ಮುಚ್ಚುವುದರಿಂದ ಹಲ್ಲಿ, ಇರುವೆಗಳು ಡ್ರೈವಿನೊಳಕ್ಕೆ ಬರುವುದೂ ತಪ್ಪುವುದು. ಹಲ್ಲಿಯೊಂದು ಎರಡು ಫೇಸುಗಳ ನಡುವೆ ಸತ್ತು ಪೆಟ್ಟಿಗೆಯನ್ನೇ ಸುಟ್ಟಿರುವ ನಿದರ್ಶನಗಳು ಯಾವ ಊರಿನಲ್ಲಿಲ್ಲ?

ನೀರಿನ ಮಟ್ಟವನ್ನು ತಿಳಿಸುವ ತಂತಿ, ಮೊಬೈಲಿನಿಂದ ಮೋಟಾರನ್ನು ಆಡಿಸುವ ಯಂತ್ರದ ತಂತಿ, ಇವನ್ನು ಮೋಟಾರಿನ ಕೇಬಲ್ಲಿನಿಂದ ಒಂದಡಿಯಾದರೂ ದೂರದಲ್ಲಿ ಬೇರೆ ಪೈಪಿನಲ್ಲಿಡಬೇಕು. ದಾಟಲೇಬೇಕಾದಲ್ಲಿ ನೇರವಾಗಿ ಅಡ್ಡ ದಾಟಲಿ. ಸೌರ ಫಲಕದಿಂದ ಬರುವ ಕೆಂಪು ಕಪ್ಪು ತಂತಿಗಳಿಗೂ ಇದೇ ನಿಯಮ.

ಅರ್ತಿನ ವಿಷಯದಲ್ಲಿ ಒಂದು ಮಾತು ಅತ್ಯವಶ್ಯ. ಮೊದಲು ಬಾವಿಗೆ ಕಬ್ಬಿಣದ ಪೈಪುಗಳನ್ನು ಇಳಿಬಿಡುತ್ತಿದ್ದಾಗ ಮೋಟಾರಿನ ಮೈಯಿಂದ ಸೋರಿದ ವಿದ್ಯುತ್ತು ಪೈಪಿನ ಮೂಲಕ ಮೇಲೆ ಬಂದು ಅರ್ತಿಗೆ ಸೇರುತ್ತಿತ್ತು. ಈಗ ಪ್ಲಾಸ್ಟಿಕ್ಕಿನ ಪೈಪು ಬಂದಿದೆ. ತೂಕ ಕಡಮೆ, ಇಳಿಸುವುದೂ ಸುಲಭ. ಆದರೆ ಅದರೊಡನೆ ಆ ದಾರಿಯು ಕಡಿದುಹೋಯಿತು. ಮೂರು ಎಳೆಯ ಕೇಬಲ್ಲನ್ನೇ ಹಾಕಿದವನ ಮೋಟಾರಿಗೆ ಅರ್ತೇ ಇಲ್ಲ. ಡ್ರೈವಿನ ಪೆಟ್ಟುಗಳಿಂದ ಸೋರುವ ಪ್ರವಾಹವು ಮೊದಲಿಗಿಂತ ಹೆಚ್ಚಾಗಿರುವಾಗ, ಅದು ಹಿಂದಿರುಗಲು ತಂತಿಯ ದಾರಿಯಿಲ್ಲದೆ ಬೇರಿಂಗಿನ ಮೂಲಕವೋ ನೀರಿನ ಮೂಲಕವೋ ಸಾಗುವುದು. ಆದುದರಿಂದ ಪ್ಲಾಸ್ಟಿಕ್ ಪೈಪಿನ ಬಾವಿಗೆ ನಾಲ್ಕು ಎಳೆಯ ಕೇಬಲ್ಲನ್ನಾಗಲಿ, ಮೂರೆಳೆಯೊಡನೆ ಪ್ರತ್ಯೇಕವಾದ ಅರ್ತ್ ತಂತಿಯನ್ನಾಗಲಿ ಮೋಟಾರಿನವರೆಗೂ ಇಳಿಸಲೇಬೇಕು. ಊರಿನ ಕುಡಿಯುವ ನೀರಿನ ಬಾವಿಗಳಲ್ಲಿ ಗ್ರಾಮದ ಮುಖ್ಯಸ್ಥರು ಇದನ್ನು ತಾವೇ ನಿಂತು ಪರೀಕ್ಷಿಸುವುದು ಒಳ್ಳೆಯದು. ಕೊಳಾಯಿಯನ್ನು ಮುಟ್ಟುವವರು ಮಕ್ಕಳು.

ಹಳೆಯ ಸ್ಟಾರ್ಟರನ್ನು ತೆಗೆದು ಡ್ರೈವು ಕೂಡಿಸುವಾಗ ಆಗುವ ಪ್ರಮಾದಗಳಲ್ಲಿ ಎರಡನ್ನು ಹೇಳದೆ ಬಿಡಲಾಗದು. ನಮ್ಮ ಹಳ್ಳಿಗಳಲ್ಲಿ ಎರಡು ಫೇಸು ಬಂದಾಗಲೂ ಮೋಟಾರು ಓಡಲೆಂದು ಕಂಡೆನ್ಸರುಗಳನ್ನು ಜೋಡಿಸಿಕೊಂಡಿರುವವರು ಬಹು ಮಂದಿ. ಇವು ಡ್ರೈವಿನ ಈಚೆಗೆ, ಮೋಟಾರಿನ ಕಡೆಯಲ್ಲಿ, ಉಳಿದರೆ ಮೊದಲನೆಯ ದಿನವೇ ಡ್ರೈವು ಹಾಳಾಗುವುದು, ಕಳಚಿ ಹಾಕತಕ್ಕದ್ದು. ಎರಡನೆಯದು, ಸ್ಟಾರ್-ಡೆಲ್ಟಾ ಸ್ಟಾರ್ಟರಿದ್ದ ದೊಡ್ಡ ಮೋಟಾರುಗಳಿಗೆ ಎರಡು ಕೇಬಲ್ಲುಗಳಲ್ಲಿ ಆರು ತಂತಿಗಳು ಇಳಿದಿರುತ್ತವೆ. ಡ್ರೈವಿಗೆ ಮೂರೇ ತಂತಿ ಸಾಕೆಂದು ಒಂದು ಕೇಬಲ್ಲನ್ನು ಬಿಟ್ಟುಬಿಡಬಾರದು. ಆರನ್ನೂ ಮೇಲೆ ಡೆಲ್ಟಾ ಕ್ರಮದಲ್ಲಿ ಜೋಡಿಸಿ ಅನಂತರ ಡ್ರೈವಿಗೆ ಕೊಡಬೇಕು. ಹೀಗೆ ಮಾಡಿದಾಗ ಪ್ರತಿ ತಂತಿಯಲ್ಲಿ ಹರಿಯುವುದು ಒಟ್ಟಿನ ನೂರಕ್ಕೆ ಸುಮಾರು ೫೮ ಪಾಲು ಮಾತ್ರ.

ವೇಗವನ್ನು ಇಳಿಸಿ ವಿದ್ಯುತ್ತನ್ನು ಬಹಳವಾಗಿ ಉಳಿಸಬಹುದೆಂದು ಮಾರಾಟಗಾರರು ಹೇಳುವುದು ಮೇಲ್ಮಟ್ಟದ ನೀರನ್ನು ಎತ್ತುವ ಪಂಪಿಗೆ ಸಲ್ಲುವ ಮಾತು. ಆಳದ ಬಾವಿಯಲ್ಲಿ ವೇಗವು ಒಂದು ಮಿತಿಗಿಂತ ಇಳಿದರೆ ನೀರು ಮೇಲೆ ಬರುವುದೇ ಇಲ್ಲ. ಮೋಟಾರಿನ ತಳದ ಬೇರಿಂಗಿಗೂ ನೀರಿನ ಪೊರೆ ನಿಲ್ಲಬೇಕಾದರೆ ಸಾಮಾನ್ಯವಾಗಿ ೩೦ ಆವರ್ತಕ್ಕಿಂತ ಕಡಮೆಯಾಗಕೂಡದು. ಮೆಲ್ಲಗೆ ಆರಂಭವಾಗುವುದು, ಬಾವಿಯಲ್ಲಿ ಊರುವಷ್ಟು ನೀರಿಗೆ ತಕ್ಕಂತೆ ಓಡಿಸಬಹುದಾದುದು, ಇವೇ ಇಲ್ಲಿ ಡ್ರೈವಿನ ನಿಜವಾದ ಉಪಕಾರ.

ಕೆಲಸವೆಲ್ಲ ಮುಗಿದ ಮೇಲೆ ಮೆಗ್ಗರಿನಿಂದ ಕೇಬಲ್ಲನ್ನು ಪರೀಕ್ಷಿಸಿ ಅಂಕಿಯನ್ನು ಬರೆದಿಟ್ಟುಕೊಳ್ಳಬೇಕು. ಮೆಗ್ಗರು ಹಾಕುವ ಮುನ್ನ ಕೇಬಲ್ಲನ್ನು ಡ್ರೈವಿನಿಂದ ಕಳಚುವುದು ಅಗತ್ಯ. ಮರೆತರೆ ಡ್ರೈವಿನ ಒಳಗಿನ ಭಾಗಗಳು ಸುಟ್ಟುಹೋಗುತ್ತವೆ. ಮುಖ್ಯ ಸ್ವಿಚ್ಚನ್ನು ತೆಗೆದ ಕೂಡಲೆ ಪೆಟ್ಟಿಗೆಗೆ ಕೈಯಿಕ್ಕಬಾರದು. ಒಳಗಿನ ಕಂಡೆನ್ಸರುಗಳಲ್ಲಿ ಆ ೫೯೦ ವೋಲ್ಟು ಇನ್ನೂ ನಿಂತಿರುವುದು. ಹತ್ತು ನಿಮಿಷ ಕಾದು, ಮೀಟರಿನಿಂದ ನೋಡಿ, ಅನಂತರ ಮುಟ್ಟತಕ್ಕದ್ದು. ಮೋಟಾರಿನ ಆಳ, ಕೇಬಲ್ಲಿನ ಅಳತೆ ಮತ್ತು ಉದ್ದ, ನೀರಿನೊಳಗೆ ಜಾಯಿಂಟು ಎಷ್ಟನೆಯ ಅಡಿಯಲ್ಲಿದೆ, ಫಿಲ್ಟರಿಗೆ ಹೊಂದಿಸಿದ ಕತ್ತರಿಸುವ ವೇಗ, ಮೆಗ್ಗರಿನ ಅಂಕಿ, ಇಷ್ಟನ್ನೂ ಒಂದು ಕಾಗದದಲ್ಲಿ ಬರೆದು ಮೋಟಾರು ಮನೆಯ ಬಾಗಿಲಿನ ಒಳಮೈಗೆ ಅಂಟಿಸಿಟ್ಟರೆ, ಮುಂದೆ ಬರುವ ಮೆಕ್ಯಾನಿಕ್ಕು ಹೊಸಬನಾಗಿದ್ದರೂ ಊಹೆಯಿಂದ ಕೆಲಸ ಮಾಡಬೇಕಾಗುವುದಿಲ್ಲ.